ಕ್ರಿಸ್‌ಮಸ್ ಹಾಡುಗಳು, ಕ್ಲಾಸಿಕ್ ರಾಕ್ ಮತ್ತು ಡಿಸೆಂಬರ್‌ನ ತಮಾಷೆ: ಒಂದು ಪರಿಚಯ

ನವೆಂಬರ್ ಮುಗಿಯುತ್ತಿದ್ದಂತೆ ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ನೆಲೆಸಿರುವ ಗೆಳೆಯರಿಂದ ಊರಿನ ವಾಟ್ಸ್‌ಆ್ಯಪ್ ಗುಂಪುಗಳಿಗೆ ಒಂದು ವಿಚಿತ್ರ ಬಗೆಯ ಸಂದೇಶಗಳು ಬರತೊಡಗುತ್ತವೆ. ಒಬ್ಬರು ‘ತರಕಾರಿ ತರಲು ಹೋಗಿ ಸಿಕ್ಕಿಬಿದ್ದೆ, ಈ ವರ್ಷವೂ ಔಟ್’ ಎಂದು ಬರೆಯುತ್ತಾರೆ. ಇನ್ನೊಬ್ಬರು ಜನವರಿಯವರೆಗೆ ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡದ ಹಾಡುಗಳನ್ನು ಬಿಟ್ಟು ಬೇರೇನನ್ನೂ ಕೇಳುವುದಿಲ್ಲವೆಂದು ಶಪಥ ಮಾಡುತ್ತಾರೆ. ಮೂರನೆಯವರು, ಪಿಂಕ್ ಫ್ಲಾಯ್ಡ್ ಕೂಡ ಒಮ್ಮೆ ‘ಕ್ರಿಸ್‌ಮಸ್ ನಂಬರ್ ಒನ್’ ಆಗಿತ್ತಲ್ಲವೇ ಎಂದು ಕಾಲೆಳೆಯುತ್ತಾರೆ. ಅಲ್ಲಿಂದ ಮುಂದೆ ಯಾವ ಹಾಡು ಶ್ರೇಷ್ಠ, ಯಾವುದು ಅಸಹನೀಯ, ಯಾವುದು ಕ್ರಿಸ್‌ಮಸ್ ಹಾಡೇ ಅಲ್ಲ ಎಂಬ ವಾದ ಹೊಸ ವರ್ಷದವರೆಗೂ ನಡೆಯುತ್ತದೆ. ಬೆಂಗಳೂರಿನ ಮಾಲ್‌ಗಳಲ್ಲಿ ಇದೇ ಹಾಡುಗಳು ಕಿವಿಗೆ ಬೀಳುತ್ತಿದ್ದರೂ, ಈ ನಗೆಚಾಟಿಕೆಯ ಹಿನ್ನೆಲೆ ಗೊತ್ತಿಲ್ಲದ ಓದುಗರಿಗೆ ಇದೆಲ್ಲ ಒಗಟಿನಂತೆ ತೋರುವುದು ಸಹಜ. ಬ್ರಿಟನ್ ಮತ್ತು ಅಮೆರಿಕದಲ್ಲಿ ಹುಟ್ಟಿ ಬೆಳೆದ ಈ ಸಂಗತಿಯನ್ನು ಮೂಲದಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಯಾವುದು ಹಾಲಿಡೇ ಮ್ಯೂಸಿಕ್, ಯಾವುದು ಕ್ಲಾಸಿಕ್ ರಾಕ್?

ಕ್ರಿಸ್‌ಮಸ್ ಕಾಲದಲ್ಲಿ ಕೇಳಿಬರುವ ಸಂಗೀತದಲ್ಲಿ ಸ್ಥೂಲವಾಗಿ ಎರಡು ಬಗೆಗಳಿವೆ. ಮೊದಲನೆಯದು ಕ್ಯಾರೋಲ್, ಅಂದರೆ ಯೇಸುವಿನ ಜನನವನ್ನು ಕೊಂಡಾಡುವ, ಚರ್ಚುಗಳಲ್ಲಿಯೂ ಮನೆಮನೆಗೆ ಹೋಗಿಯೂ ಹಾಡುವ ಭಕ್ತಿಗೀತೆ. 1818ರ ಡಿಸೆಂಬರ್ 24ರಂದು ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಊರಿನಲ್ಲಿ ಮೊದಲ ಬಾರಿಗೆ ಹಾಡಲಾದ ‘ಸೈಲೆಂಟ್ ನೈಟ್’ ಈ ಬಗೆಗೆ ಸೇರಿದ್ದು. ಎರಡನೆಯದು ಹಿಮ, ಉಡುಗೊರೆ, ಸಾಂತಾಕ್ಲಾಸ್, ಊರಿಗೆ ಮರಳುವ ಹಂಬಲ, ಕೈತಪ್ಪಿದ ಪ್ರೀತಿ ಮುಂತಾದ ಲೌಕಿಕ ವಿಷಯಗಳನ್ನು ಹಬ್ಬದ ವಾತಾವರಣದಲ್ಲಿಟ್ಟು ಹೇಳುವ ಜನಪ್ರಿಯ ಗೀತೆ. ಅಮೆರಿಕದಲ್ಲಿ ಹಾಲಿಡೇ ಮ್ಯೂಸಿಕ್ ಎಂದು ಕರೆಯುವುದು ಬಹುಮಟ್ಟಿಗೆ ಈ ಎರಡನೆಯ ಬಗೆಯನ್ನು. ಗೆಳೆಯರ ತಮಾಷೆಯೆಲ್ಲವೂ ಇದರ ಸುತ್ತಲೇ ನಡೆಯುತ್ತದೆ. ಕ್ಯಾರೋಲ್‌ಗಳನ್ನು ಯಾರೂ ಅಷ್ಟಾಗಿ ಗೇಲಿ ಮಾಡುವುದಿಲ್ಲ.

ಕ್ಲಾಸಿಕ್ ರಾಕ್ ಎಂದರೆ 1960ರ ದಶಕದ ನಡುಭಾಗದಿಂದ 1980ರ ದಶಕದ ಕೊನೆಯವರೆಗೆ ಬಂದ, ಎಲೆಕ್ಟ್ರಿಕ್ ಗಿಟಾರ್ ಮತ್ತು ಡ್ರಮ್ಸ್ ಪ್ರಧಾನವಾಗಿರುವ ಸಂಗೀತ. ಬೀಟಲ್ಸ್, ರೋಲಿಂಗ್ ಸ್ಟೋನ್ಸ್, ಲೆಡ್ ಝೆಪೆಲಿನ್, ಪಿಂಕ್ ಫ್ಲಾಯ್ಡ್, ಕ್ವೀನ್, ಈಗಲ್ಸ್ ಮುಂತಾದ ತಂಡಗಳು ಇದರ ಆಧಾರಸ್ತಂಭಗಳು. ಈ ಹೆಸರನ್ನು ಚಲಾವಣೆಗೆ ತಂದವರು ಸಂಗೀತಗಾರರಲ್ಲ, ಅಮೆರಿಕದ ಎಫ್‌ಎಂ ರೇಡಿಯೊದವರು. ಹದಿಹರೆಯದಲ್ಲಿ ಈ ಹಾಡುಗಳನ್ನು ಕೇಳಿ ಬೆಳೆದಿದ್ದವರು 1980ರ ದಶಕದ ಹೊತ್ತಿಗೆ ಸಂಬಳ ತರುವ ಗೃಹಸ್ಥರಾಗಿದ್ದರು. ಜಾಹೀರಾತುದಾರರಿಗೆ ಬೇಕಾಗಿದ್ದವರೂ ಅವರೇ. ಹೊಸ ಹಾಡುಗಳನ್ನು ಬದಿಗಿಟ್ಟು, ಕೇಳುಗರಿಗೆ ಈಗಾಗಲೇ ಇಷ್ಟವೆಂದು ಖಚಿತವಾಗಿದ್ದ ಕೆಲವು ನೂರು ಹಳೆಯ ಹಾಡುಗಳನ್ನೇ ಮತ್ತೆ ಮತ್ತೆ ಪ್ರಸಾರ ಮಾಡುವ ಕೇಂದ್ರಗಳು ಹೀಗೆ ಹುಟ್ಟಿಕೊಂಡವು.

ರಾಕ್ ಅಭಿಮಾನಿಗಳು ಸಾಮಾನ್ಯವಾಗಿ ಒಪ್ಪಲು ಹಿಂಜರಿಯುವ ಸಂಗತಿಯೊಂದು ಇಲ್ಲಿದೆ. ಹಾಲಿಡೇ ಮ್ಯೂಸಿಕ್ಕೂ ಕ್ಲಾಸಿಕ್ ರಾಕ್ಕೂ ಒಂದರ ಮುಂದೊಂದು ಕಾಲು ಕೆರೆದು ನಿಂತಂತೆ ಕಂಡರೂ ಎರಡರ ರಚನೆಯೂ ಒಂದೇ: ಎರಡೂ ಹೊಸಬರನ್ನು ಅಷ್ಟು ಸುಲಭವಾಗಿ ಒಳಗೆ ಬಿಟ್ಟುಕೊಳ್ಳದ ಪಟ್ಟಿಗಳು, ಎರಡೂ ನೆನಪಿನ ಬಲದಿಂದ ಬದುಕುವಂಥವು, ಎರಡೂ ಪುನರಾವರ್ತನೆಯಿಂದಲೇ ಗಟ್ಟಿಯಾದಂಥವು. ವ್ಯತ್ಯಾಸವಿರುವುದು ಕ್ಯಾಲೆಂಡರ್‌ನಲ್ಲಿ ಮಾತ್ರ. ನಮ್ಮಲ್ಲಿ ರಾಜ್ಯೋತ್ಸವದ ಹೊತ್ತಿಗೆ ಆಟೋ ನಿಲ್ದಾಣಗಳ ಧ್ವನಿವರ್ಧಕಗಳಲ್ಲಿ ವರ್ಷವರ್ಷವೂ ಅವೇ ಹತ್ತಿಪ್ಪತ್ತು ನಾಡಗೀತೆ-ಚಿತ್ರಗೀತೆಗಳು ಮೊಳಗಿ, ನವೆಂಬರ್ ಕಳೆದ ಮೇಲೆ ಮರೆಗೆ ಸರಿಯುವುದನ್ನು ನೋಡಿದವರಿಗೆ ಹಾಲಿಡೇ ಮ್ಯೂಸಿಕ್‌ನ ಸ್ವಭಾವವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಸೆಕೆಯಲ್ಲಿ ಹುಟ್ಟಿದ ಹಿಮದ ಹಾಡುಗಳು

ಆಧುನಿಕ ಹಾಲಿಡೇ ಮ್ಯೂಸಿಕ್‌ನ ಕಥೆಯನ್ನು ‘ವೈಟ್ ಕ್ರಿಸ್‌ಮಸ್’ ಹಾಡಿನಿಂದ ಆರಂಭಿಸುವುದು ವಾಡಿಕೆ. ಅದನ್ನು ಬರೆದ ಅರ್ವಿಂಗ್ ಬರ್ಲಿನ್, ರಷ್ಯಾ ಸಾಮ್ರಾಜ್ಯದಿಂದ ಬಾಲ್ಯದಲ್ಲೇ ಅಮೆರಿಕಕ್ಕೆ ವಲಸೆ ಬಂದ ಯಹೂದಿ ಕುಟುಂಬದವರು. ಕ್ರಿಸ್‌ಮಸ್ ಅವರ ಮನೆಯ ಧಾರ್ಮಿಕ ಹಬ್ಬವಾಗಿರಲಿಲ್ಲ. ಸಾಲದೆಂಬಂತೆ ಅವರ ಹಸುಗೂಸೊಂದು 1928ರ ಡಿಸೆಂಬರ್ 25ರಂದೇ ತೀರಿಕೊಂಡಿತ್ತು. ಹಾಡಿನ ಸಾಮಾನ್ಯವಾಗಿ ಕೈಬಿಡಲಾಗುವ ಪೀಠಿಕೆಯಲ್ಲಿ ನಿರೂಪಕನು ತಾಳೆಮರಗಳಿರುವ ಬೆವರ್ಲಿ ಹಿಲ್ಸ್‌ನ ಬಿಸಿಲಿನಲ್ಲಿ ಕುಳಿತು, ಉತ್ತರದ ಹಿಮಕ್ಕಾಗಿ ಹಂಬಲಿಸುತ್ತಾನೆ. ಗಾಯಕ ಬಿಂಗ್ ಕ್ರಾಸ್ಬಿ ಇದನ್ನು 1941ರ ಕ್ರಿಸ್‌ಮಸ್ ದಿನದಂದು ರೇಡಿಯೊದಲ್ಲಿ ಹಾಡಿ, 1942ರ ಮೇ ತಿಂಗಳಲ್ಲಿ ಧ್ವನಿಮುದ್ರಿಸಿದರು. ಎರಡನೆಯ ಮಹಾಯುದ್ಧದಲ್ಲಿ ಮನೆಯಿಂದ ಸಾವಿರಾರು ಮೈಲಿ ದೂರವಿದ್ದ ಅಮೆರಿಕದ ಸೈನಿಕರು ಈ ಹಾಡನ್ನು ಮತ್ತೆ ಮತ್ತೆ ಕೇಳಬಯಸಿದರು. ಕ್ರಾಸ್ಬಿಯವರ ಈ ಮುದ್ರಿಕೆಯ 5 ಕೋಟಿ ಪ್ರತಿಗಳು ಮಾರಾಟವಾಗಿವೆ ಎಂಬುದು ಸಾಮಾನ್ಯವಾಗಿ ಒಪ್ಪಲಾದ ಅಂದಾಜು. ಮೂಲ ಅಚ್ಚು ಬಳಸಿ ಬಳಸಿ ಸವೆದುಹೋದ ಕಾರಣ 1947ರಲ್ಲಿ ಹಾಡನ್ನು ಹೊಸದಾಗಿ ಮುದ್ರಿಸಬೇಕಾಯಿತು. ಇಂದು ನಾವು ಸಾಮಾನ್ಯವಾಗಿ ಕೇಳುವುದು ಈ ಎರಡನೆಯ ಮುದ್ರಿಕೆಯನ್ನು.

ಇಂಥ ಇನ್ನೂ ಹಲವು ಹಾಡುಗಳು ಸುಡುಬೇಸಿಗೆಯ ಸಂತಾನ. ಹಿಮ ಬೀಳಲಿ ಎಂದು ಹಾರೈಸುವ ಪ್ರಸಿದ್ಧ ಹಾಡೂ, ಕೆಂಡದಲ್ಲಿ ಸುಡುವ ಚೆಸ್ಟ್‌ನಟ್ ಕಾಯಿಗಳ ಚಿತ್ರದಿಂದ ಆರಂಭವಾಗುವ ‘ದಿ ಕ್ರಿಸ್‌ಮಸ್ ಸಾಂಗ್’ ಕೂಡ 1945ರ ಬಿಸಿಲಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬರೆದವು. ಇವುಗಳ ಕರ್ತೃಗಳಲ್ಲಿಯೂ ಯಹೂದಿಗಳೇ ಹೆಚ್ಚು. ಈ ಹಾಡುಗಳಲ್ಲಿ ಯೇಸುವಿಗಿಂತ ಹವಾಮಾನಕ್ಕೆ ಹೆಚ್ಚು ಜಾಗ ಸಿಕ್ಕಿರುವುದರ ಹಿಂದೆ ಈ ಹಿನ್ನೆಲೆಯೂ ಇದ್ದೀತು. ಯಾವ ಧರ್ಮದವರಾದರೂ, ಯಾವ ಧರ್ಮವೂ ಇಲ್ಲದವರಾದರೂ ಗುನುಗಬಹುದಾದ ಹಬ್ಬದ ಹಾಡುಗಳು ಇವರಿಂದಾಗಿ ಸಾಧ್ಯವಾದವು.

ಹಬ್ಬದೊಳಕ್ಕೆ ರಾಕ್ ಬಂದ ಬಗೆ

ರಾಕ್ ಅಂಡ್ ರೋಲ್ ಹುಟ್ಟಿದ ಕೆಲವೇ ವರ್ಷಗಳಲ್ಲಿ ಕ್ರಿಸ್‌ಮಸ್ಸಿನ ಬಾಗಿಲು ತಟ್ಟಿತು. 1957ರಲ್ಲಿ ಎಲ್ವಿಸ್ ಪ್ರೆಸ್ಲಿ ತಮ್ಮ ಕ್ರಿಸ್‌ಮಸ್ ಆಲ್ಬಂನಲ್ಲಿ ‘ವೈಟ್ ಕ್ರಿಸ್‌ಮಸ್’ ಅನ್ನು ತಮ್ಮದೇ ಧಾಟಿಯಲ್ಲಿ ಹಾಡಿದಾಗ ಬರ್ಲಿನ್ ಕೆರಳಿ, ಅದನ್ನು ಪ್ರಸಾರ ಮಾಡಬೇಡಿರೆಂದು ರೇಡಿಯೊ ಕೇಂದ್ರಗಳನ್ನು ಒತ್ತಾಯಿಸಿದರೆಂದು ಹೇಳಲಾಗುತ್ತದೆ. ಹಬ್ಬದ ಹಾಡನ್ನು ರಾಕ್‌ನವರು ಕೆಡಿಸಿದರೆಂಬ ದೂರಿಗೆ ಹೀಗೆ ಆರು ದಶಕಗಳಿಗೂ ಮೀರಿದ ಇತಿಹಾಸವಿದೆ. ಹಬ್ಬವು ರಾಕ್‌ಅನ್ನು ಕೆಡಿಸಿತೆಂಬ ಎದುರು ದೂರು ಆಮೇಲೆ ಸೇರಿಕೊಂಡದ್ದು. ಅದೇ ವರ್ಷ ಬಾಬಿ ಹೆಲ್ಮ್ಸ್ ಅವರ ‘ಜಿಂಗಲ್ ಬೆಲ್ ರಾಕ್’ ಬಂದಿತು. ಮರುವರ್ಷ ಚಕ್ ಬೆರಿ ಹಿಮಸಾರಂಗದ ಮೇಲೆ ಗಿಟಾರಿನ ಹಾಡು ಕಟ್ಟಿದರು. 1958ರ ಅಕ್ಟೋಬರ್‌ನಲ್ಲಿ ನ್ಯಾಶ್‌ವಿಲ್‌ನ ಸ್ಟುಡಿಯೊವೊಂದನ್ನು ಕ್ರಿಸ್‌ಮಸ್ ಮರದಿಂದ ಸಿಂಗರಿಸಿ, ಹವಾನಿಯಂತ್ರಣದಿಂದ ಚಳಿ ಹುಟ್ಟಿಸಿ, 13 ವರ್ಷದ ಬ್ರೆಂಡಾ ಲೀ ಅವರಿಂದ ‘ರಾಕಿನ್ ಅರೌಂಡ್ ದ ಕ್ರಿಸ್‌ಮಸ್ ಟ್ರೀ’ ಹಾಡಿಸಲಾಯಿತು. ಈ ಹುಡುಗಿಯ ಹೆಸರು ಲೇಖನದಲ್ಲಿ ಇನ್ನೊಮ್ಮೆ ಬರಲಿದೆ.

1971ರಲ್ಲಿ, ಬೀಟಲ್ಸ್ ತಂಡದಲ್ಲಿದ್ದ ಜಾನ್ ಲೆನನ್ ಮತ್ತು ಅವರ ಪತ್ನಿ ಯೋಕೊ ಓನೊ ವಿಯೆಟ್ನಾಂ ಯುದ್ಧವನ್ನು ಮನಸ್ಸಿನಲ್ಲಿಟ್ಟುಕೊಂಡು, ನ್ಯೂಯಾರ್ಕಿನ ಹಾರ್ಲೆಂ ಬಡಾವಣೆಯ ಮಕ್ಕಳ ಮೇಳದೊಂದಿಗೆ ‘ಹ್ಯಾಪಿ ಕ್ರಿಸ್‌ಮಸ್ (ವಾರ್ ಈಸ್ ಓವರ್)’ ಮುದ್ರಿಸಿದರು. ಹಬ್ಬದ ಶುಭಾಶಯವೂ ರಾಜಕೀಯ ಪ್ರತಿಭಟನೆಯೂ ಒಂದೇ ಹಾಡಿನಲ್ಲಿ ಸೇರಬಹುದೆಂಬುದನ್ನು ತೋರಿಸಿದ ಈ ಹಾಡು, ರಾಕ್ ಅಭಿಮಾನಿಗಳು ಇಂದಿಗೂ ತಲೆ ತಗ್ಗಿಸದೆ ಕೇಳುವ ಕ್ರಿಸ್‌ಮಸ್ ಗೀತೆಗಳಲ್ಲಿ ಮುಂಚೂಣಿಯಲ್ಲಿದೆ.

ಬ್ರಿಟನ್ನಿನ ಮಟ್ಟಿಗೆ ನಿರ್ಣಾಯಕವಾದ ವರ್ಷ 1973. ತೈಲ ಬಿಕ್ಕಟ್ಟೂ ಕಲ್ಲಿದ್ದಲು ಗಣಿ ಕಾರ್ಮಿಕರ ಹೋರಾಟವೂ ಒಟ್ಟಿಗೆ ಬಂದು, ವಿದ್ಯುತ್ ಉಳಿಸಲು ವಾರಕ್ಕೆ ಮೂರೇ ದಿನ ಕಾರ್ಖಾನೆ ನಡೆಸಬೇಕೆಂದು ಸರ್ಕಾರ ಡಿಸೆಂಬರ್‌ನಲ್ಲಿ ಪ್ರಕಟಿಸಿದ್ದ ಕಾಲವದು. ಆ ಕತ್ತಲೆಯ ತಿಂಗಳಲ್ಲಿ, ಮಿರುಗುವ ಉಡುಪು ತೊಟ್ಟು ಗದ್ದಲವೆಬ್ಬಿಸುತ್ತಿದ್ದ ಸ್ಲೇಡ್ ಎಂಬ ತಂಡ ‘ಮೆರಿ ಕ್ರಿಸ್‌ಮಸ್ ಎವ್ರಿಬಡಿ’ಯನ್ನು ಹೊರತಂದಿತು. ಇದನ್ನೂ ಮುದ್ರಿಸಿದ್ದು ಸೆಕೆಯ ದಿನಗಳಲ್ಲಿ, ನ್ಯೂಯಾರ್ಕಿನಲ್ಲಿ. ಗುಂಪುಗಾಯನಕ್ಕೆ ಪ್ರತಿಧ್ವನಿ ಬರಲೆಂದು ಸದಸ್ಯರು ಕಟ್ಟಡದ ಕಾರಿಡಾರಿನಲ್ಲಿ ನಿಂತು ಕೂಗಿದ್ದರು. ಅದೇ ವರ್ಷ ವಿಝರ್ಡ್ ಎಂಬ ಇನ್ನೊಂದು ತಂಡ ದಿನವೂ ಕ್ರಿಸ್‌ಮಸ್ ಇರಬಾರದೇ ಎಂದು ಕೇಳುವ ಹಾಡು ತಂದಿತು. ಆ ಹಾಡು ಶುರುವಾಗುವುದು ಅಂಗಡಿಯ ಗಲ್ಲಾಪೆಟ್ಟಿಗೆಯ ಸದ್ದಿನಿಂದ! ಹಬ್ಬವು ವ್ಯಾಪಾರವಾಯಿತೆಂಬ ಟೀಕೆಯನ್ನು ಟೀಕಾಕಾರರಿಗಿಂತ ಮೊದಲೇ ಮಾಡಿ ಮುಗಿಸುವ ಈ ಜಾಣತನ ನನಗೆ ಬಹಳ ಇಷ್ಟ. ಸ್ಲೇಡ್ ಗೆದ್ದಿತು, ವಿಝರ್ಡ್ 4ನೆಯ ಸ್ಥಾನಕ್ಕೆ ತೃಪ್ತಿಪಟ್ಟಿತು. ಯಾವುದು ಹೆಚ್ಚು ಚೆನ್ನ ಎಂಬ ಬ್ರಿಟಿಷ್ ಗೆಳೆಯರ ವಾದ ಮಾತ್ರ ಇನ್ನೂ ಮುಗಿದಿಲ್ಲ.

ಆಮೇಲಿನ ವರ್ಷಗಳಲ್ಲಿ ರಾಕ್‌ನವರು ಹಬ್ಬವನ್ನು ಹಲವು ಕೋನಗಳಿಂದ ನೋಡಿದರು. 1977ರ ಕಿಂಕ್ಸ್ ತಂಡದ ಹಾಡಿನಲ್ಲಿ ಬಡ ಹುಡುಗರ ಗುಂಪೊಂದು ಸಾಂತಾಕ್ಲಾಸ್‌ನನ್ನು ಅಡ್ಡಗಟ್ಟಿ, ಗೊಂಬೆಗಳು ಬೇಡ ಹಣ ಕೊಡು ಎಂದು ಬೆದರಿಸುತ್ತದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಎಪ್ಪತ್ತು ದಾಟಿದ್ದ ಬಿಂಗ್ ಕ್ರಾಸ್ಬಿ ಮತ್ತು ಮೂವತ್ತರ ರಾಕ್ ಗಾಯಕ ಡೇವಿಡ್ ಬೋವಿ ಟೆಲಿವಿಷನ್ ಕಾರ್ಯಕ್ರಮವೊಂದಕ್ಕೆ ಜೊತೆಯಾಗಿ ಹಾಡಿದರು. ಡೋಲು ಬಾರಿಸುವ ಬಾಲಕನ ಕುರಿತಾದ ಹಾಡು ತಮಗೆ ಹಿಡಿಸದೆಂದು ಬೋವಿ ಹೇಳಿದ್ದರಿಂದ, ಕಾರ್ಯಕ್ರಮದ ಬರಹಗಾರರು ಅಲ್ಲೇ ಕುಳಿತು ಅದರ ಜೊತೆಗೆ ಹೆಣೆಯಬಹುದಾದ ಹೊಸ ಹಾಡೊಂದನ್ನು ಬರೆದುಕೊಟ್ಟರು. ಕಾರ್ಯಕ್ರಮ ಪ್ರಸಾರವಾಗುವ ಮೊದಲೇ, ಅಕ್ಟೋಬರ್‌ನಲ್ಲಿ, ಕ್ರಾಸ್ಬಿ ತೀರಿಕೊಂಡರು.

‘ಕ್ರಿಸ್‌ಮಸ್ ನಂಬರ್ ಒನ್’ ಎಂದರೇನು?

ಬ್ರಿಟನ್ನಿನಲ್ಲಿ 1952ರ ನವೆಂಬರ್‌ನಿಂದ ವಾರವಾರವೂ ಅತಿ ಹೆಚ್ಚು ಮಾರಾಟವಾದ ಹಾಡುಗಳ ಶ್ರೇಯಾಂಕಪಟ್ಟಿ ಪ್ರಕಟವಾಗುತ್ತ ಬಂದಿದೆ. ಇದಕ್ಕೆ ಚಾರ್ಟ್ ಎಂದು ಹೆಸರು. ಕ್ರಿಸ್‌ಮಸ್ ವಾರದ ಚಾರ್ಟ್‌ನಲ್ಲಿ ಮೊದಲ ಸ್ಥಾನ ಪಡೆದ ಹಾಡೇ ಕ್ರಿಸ್‌ಮಸ್ ನಂಬರ್ ಒನ್. ಉಡುಗೊರೆಯಾಗಿ ರೆಕಾರ್ಡ್ ಕೊಡುವ ವಾಡಿಕೆಯಿದ್ದ ಕಾಲದಲ್ಲಿ ಆ ವಾರದ ಮಾರಾಟ ಅತಿ ಹೆಚ್ಚಾಗಿರುತ್ತಿದ್ದುದರಿಂದ ಅದಕ್ಕೆ ವಿಶೇಷ ಗೌರವ ಬಂದಿತು. ಯಾವ ಹಾಡು ಗೆಲ್ಲುವುದೆಂದು ಬಾಜಿ ಕಟ್ಟುವುದು ಅಲ್ಲಿ ಕಾನೂನುಬದ್ಧ ವ್ಯವಹಾರ.

ಗಮನಿಸಬೇಕಾದ ಅಂಶವೆಂದರೆ, ಗೆಲ್ಲುವ ಹಾಡಿನಲ್ಲಿ ಕ್ರಿಸ್‌ಮಸ್ ಇರಲೇಬೇಕೆಂಬ ನಿಯಮವಿಲ್ಲ. 1975ರಲ್ಲಿ ಗ್ರೆಗ್ ಲೇಕ್ ಅವರ ಅಪ್ಪಟ ಕ್ರಿಸ್‌ಮಸ್ ಗೀತೆಯನ್ನು 2ನೆಯ ಸ್ಥಾನದಲ್ಲೇ ತಡೆದು ನಿಲ್ಲಿಸಿದ್ದು ಕ್ವೀನ್ ತಂಡದ ‘ಬೊಹೀಮಿಯನ್ ರಾಪ್ಸೊಡಿ’. ಅದರ ಕಥಾನಾಯಕ ಒಬ್ಬ ಕೊಲೆಗಾರ. ಆ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ನಿಧನರಾದ 1991ರಲ್ಲಿ ಅದೇ ಹಾಡು ಮತ್ತೊಮ್ಮೆ ಕ್ರಿಸ್‌ಮಸ್ ನಂಬರ್ ಒನ್ ಆಯಿತು. 1979ರಲ್ಲಿ ಆ ಪಟ್ಟ ಸಿಕ್ಕಿದ್ದು ಶಾಲಾ ಮಕ್ಕಳ ಕಂಠದಲ್ಲಿ ಶಾಲೆಯನ್ನೇ ಧಿಕ್ಕರಿಸುವ ಪಿಂಕ್ ಫ್ಲಾಯ್ಡ್‌ನ ‘ಅನದರ್ ಬ್ರಿಕ್ ಇನ್ ದ ವಾಲ್’ ಎರಡನೆಯ ಭಾಗಕ್ಕೆ. ಆರಂಭದಲ್ಲಿ ಹೇಳಿದ ಮೂರನೆಯ ಗೆಳೆಯನ ಕುಹಕದ ಮೂಲ ಇದೇ.

ಗೆಳೆಯರ ನಡುವಿನ ತಮಾಷೆ ಚಾರ್ಟನ್ನೇ ಅಲುಗಿಸಬಲ್ಲದೆಂಬುದು 2009ರಲ್ಲಿ ಸಾಬೀತಾಯಿತು. ‘ಎಕ್ಸ್ ಫ್ಯಾಕ್ಟರ್’ ಎಂಬ ಟೆಲಿವಿಷನ್ ಗಾಯನಸ್ಪರ್ಧೆಯ ಅಂತಿಮ ಸುತ್ತು ಕ್ರಿಸ್‌ಮಸ್‌ಗೆ ಸ್ವಲ್ಪ ಮೊದಲು ಮುಗಿಯುತ್ತಿದ್ದುದರಿಂದ, 2005ರಿಂದ 2008ರವರೆಗೆ ಸತತ ನಾಲ್ಕು ವರ್ಷ ಅದರ ವಿಜೇತರೇ ಕ್ರಿಸ್‌ಮಸ್ ನಂಬರ್ ಒನ್ ಆಗಿದ್ದರು. ಇದರಿಂದ ಬೇಸತ್ತ ಇಂಗ್ಲೆಂಡಿನ ದಂಪತಿಯೊಂದು, ಅಮೆರಿಕದ ರೇಜ್ ಅಗೇನ್ಸ್ಟ್ ದ ಮಷೀನ್ ತಂಡದ 1992ರ ಉಗ್ರ ರಾಕ್ ಹಾಡನ್ನು ಆ ವಾರ ಎಲ್ಲರೂ ಕೊಳ್ಳೋಣವೆಂದು ಫೇಸ್‌ಬುಕ್ಕಿನಲ್ಲಿ ಕರೆಕೊಟ್ಟಿತು. ಬೈಗುಳಗಳಿಂದ ಕೂಡಿದ, ಪೊಲೀಸ್ ದೌರ್ಜನ್ಯವನ್ನು ಖಂಡಿಸುವ ಆ ಹಾಡಿಗೂ ಹಬ್ಬಕ್ಕೂ ಯಾವ ಸಂಬಂಧವೂ ಇರಲಿಲ್ಲ. ತಮಾಷೆಯ ತಿರುಳೇ ಅದಾಗಿತ್ತು. ವಾರದೊಳಗೆ 5 ಲಕ್ಷಕ್ಕೂ ಹೆಚ್ಚು ಡೌನ್‌ಲೋಡ್‌ಗಳಾಗಿ, ಸುಮಾರು 4.5 ಲಕ್ಷದಲ್ಲಿ ನಿಂತ ಸ್ಪರ್ಧಾ ವಿಜೇತನನ್ನು ಅದು ಹಿಂದಿಕ್ಕಿತು. ಅಭಿಯಾನದ ಜೊತೆಗೆ ವಸತಿಹೀನರ ನೆರವಿಗೆಂದು ಹಣವೂ ಸಂಗ್ರಹವಾಯಿತು. ಮರುವರ್ಷದ ಜೂನ್‌ನಲ್ಲಿ ತಂಡವು ಲಂಡನ್ನಿನ ಫಿನ್ಸ್‌ಬರಿ ಪಾರ್ಕಿನಲ್ಲಿ ಉಚಿತ ಕಛೇರಿ ನೀಡಿ ಅಭಿಮಾನಿಗಳ ಋಣ ತೀರಿಸಿತು.

ಅದಕ್ಕಿಂತ ಮುಂದೆ ಹೋದವರು ಲ್ಯಾಡ್‌ಬೇಬಿ ಹೆಸರಿನ ಯೂಟ್ಯೂಬ್ ದಂಪತಿ. 2018ರಿಂದ 2022ರವರೆಗೆ ಸತತ ಐದು ವರ್ಷ ಇವರು ಕ್ರಿಸ್‌ಮಸ್ ನಂಬರ್ ಒನ್ ಆದರು. ಮೊದಲ ವರ್ಷಗಳಲ್ಲಿ ಅವರ ಸೂತ್ರ ಬಹಳ ಸರಳ: ಎಲ್ಲರಿಗೂ ಬಾಯಿಪಾಠವಿರುವ ಹಳೆಯ ರಾಕ್ ಹಾಡೊಂದನ್ನು ತೆಗೆದುಕೊಳ್ಳುವುದು, ಅದರ ಮುಖ್ಯ ಪದವನ್ನು ತೆಗೆದು ‘ಸಾಸೇಜ್ ರೋಲ್’ ಎಂಬ ಬೇಕರಿ ತಿಂಡಿಯನ್ನು ಅಲ್ಲಿ ತುರುಕುವುದು. ಸ್ಟಾರ್‌ಶಿಪ್ ತಂಡವು ರಾಕ್ ಅಂಡ್ ರೋಲ್ ಮೇಲೆ ಕಟ್ಟಿದೆವೆಂದು ಹಾಡಿದ್ದ ನಗರ ಹೀಗೆ ಸಾಸೇಜ್ ರೋಲಿನ ಮೇಲೆ ನಿಂತಿತು. ನಂಬಿಕೆ ಬಿಡಬೇಡ ಎನ್ನುವ ಜರ್ನಿ ತಂಡದ ಹಾಡು ತಿನ್ನುವುದನ್ನು ಬಿಡಬೇಡ ಎಂದಾಯಿತು. ಗಳಿಕೆ ಬಹುಮಟ್ಟಿಗೆ ಆಹಾರ ಬ್ಯಾಂಕ್‌ಗಳಿಗೆ ಹೋಗುತ್ತಿತ್ತು. ನಾಲ್ಕು ಬಾರಿ ಗೆದ್ದಿದ್ದ ಬೀಟಲ್ಸ್‌ನ ದಾಖಲೆಯನ್ನು ಸಾಸೇಜ್ ರೋಲ್ ಮುರಿದಾಗ ಹಲವು ಕ್ಲಾಸಿಕ್ ರಾಕ್ ಅಭಿಮಾನಿಗಳಿಗೆ ನಗಬೇಕೋ ಅಳಬೇಕೋ ತಿಳಿಯದಾಯಿತು. ಸತ್ಕಾರ್ಯಕ್ಕೆ ಹಣ ಹೋಗುತ್ತಿದ್ದುದರಿಂದ ಜೋರಾಗಿ ಬೈಯುವಂತೆಯೂ ಇರಲಿಲ್ಲ.

ಮುದಿ ಹಾಡುಗಳು ಮತ್ತೆ ಮೇಲೇರುವುದು ಹೇಗೆ?

1984ರಲ್ಲಿ ಇಥಿಯೋಪಿಯಾದ ಬರಗಾಲದ ಪರಿಹಾರಕ್ಕಾಗಿ ಬ್ರಿಟನ್ನಿನ ಖ್ಯಾತ ಗಾಯಕರೆಲ್ಲ ಸೇರಿ ಹಾಡಿದ ಬ್ಯಾಂಡ್ ಏಡ್ ಗೀತೆ ಮೊದಲ ಸ್ಥಾನ ಪಡೆಯಿತು. ವ್ಯಾಮ್! ಜೋಡಿಯ ‘ಲಾಸ್ಟ್ ಕ್ರಿಸ್‌ಮಸ್’ ಎರಡನೆಯದಾಯಿತು. ಅದರ ಗೌರವಧನವನ್ನೂ ಅವರು ಅದೇ ಬರಗಾಲಕ್ಕೆ ಕೊಟ್ಟರು. ಆ ಹಾಡು ಬ್ರಿಟನ್ನಿನ ಪಟ್ಟಿಯ ತುದಿಯನ್ನು ಮೊದಲ ಬಾರಿಗೆ ಮುಟ್ಟಿದ್ದು 2021ರ ಜನವರಿ 1ರಂದು, ಅದನ್ನು ಬರೆದು ಹಾಡಿದ ಜಾರ್ಜ್ ಮೈಕೇಲ್ ತೀರಿಕೊಂಡು ನಾಲ್ಕು ವರ್ಷಗಳಾದ ಮೇಲೆ. 2023ರಲ್ಲಿಯೂ 2024ರಲ್ಲಿಯೂ ಅದು ಕ್ರಿಸ್‌ಮಸ್ ನಂಬರ್ ಒನ್ ಆಯಿತು. ಅಮೆರಿಕದಲ್ಲಿ ಮರಾಯಾ ಕೇರಿ ಅವರ 1994ರ ಕ್ರಿಸ್‌ಮಸ್ ಹಾಡು ಬಿಲ್‌ಬೋರ್ಡ್ ಎಂಬ ಅಲ್ಲಿನ ಚಾರ್ಟ್‌ನ ಮೊದಲ ಸ್ಥಾನಕ್ಕೆ ಬಂದದ್ದು 2019ರ ಡಿಸೆಂಬರ್‌ನಲ್ಲಿ. 13ರ ಹರೆಯದಲ್ಲಿ ಹಾಡಿದ್ದ ಬ್ರೆಂಡಾ ಲೀ ಅದೇ ಹಾಡಿನಿಂದ 2023ರ ಡಿಸೆಂಬರ್‌ನಲ್ಲಿ, 78ನೆಯ ವಯಸ್ಸಿನಲ್ಲಿ, ಮೊದಲ ಸ್ಥಾನಕ್ಕೇರಿದರು.

ಇದರ ಕಾರಣ ಲೆಕ್ಕ ಹಾಕುವ ವಿಧಾನ ಬದಲಾದದ್ದರಲ್ಲಿದೆ. ರೆಕಾರ್ಡ್ ಮತ್ತು ಕ್ಯಾಸೆಟ್‌ಗಳ ಕಾಲದಲ್ಲಿ ಒಂದು ಮನೆಯವರು ಒಂದು ಹಾಡನ್ನು ಒಮ್ಮೆ ಕೊಂಡರೆ ಅದು ಚಾರ್ಟ್‌ನಲ್ಲಿ ಒಮ್ಮೆ ಮಾತ್ರ ಎಣಿಕೆಯಾಗುತ್ತಿತ್ತು. ಆಮೇಲೆ ಮೂವತ್ತು ಡಿಸೆಂಬರ್‌ಗಳಲ್ಲಿ ಅದನ್ನು ಎಷ್ಟು ಸಲ ಕೇಳಿದರೂ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅಂಗಡಿಯಲ್ಲಿ ಹೊಸ ಪ್ರತಿಗಳಿಲ್ಲದ ಹಳೆಯ ಹಾಡು ಪಟ್ಟಿಗೆ ಮರಳುವ ದಾರಿಯೇ ಇರಲಿಲ್ಲ. ಬ್ರಿಟನ್ನಿನಲ್ಲಿ 2005ರಿಂದ ಡೌನ್‌ಲೋಡ್‌ಗಳನ್ನು ಎಣಿಸತೊಡಗಿದರು. 2007ರಿಂದ ಅಂಗಡಿಯಲ್ಲಿ ಡಿಸ್ಕ್ ಇಲ್ಲದಿದ್ದರೂ ಡೌನ್‌ಲೋಡ್ ಆದ ಯಾವ ಹಾಡಾದರೂ ಅರ್ಹವಾಯಿತು. 2014ರ ಜುಲೈಯಿಂದ ಸ್ಟ್ರೀಮಿಂಗ್, ಅಂದರೆ ಇಂಟರ್‌ನೆಟ್ ಮೂಲಕ ಕೇಳುವಿಕೆಯೂ ಎಣಿಕೆಗೆ ಸೇರಿತು. ಈಗ ಪ್ರತಿ ಸಲ ಕೇಳಿದ್ದೂ ಸಣ್ಣ ಪ್ರಮಾಣದಲ್ಲಿ ಒಂದು ಮತವಿದ್ದಂತೆ. ಹೀಗಾಗಿ ಹೊಸ ಹಾಡಿಗೆ ಅದರದೇ ಅಭಿಮಾನಿಗಳಷ್ಟೇ ಮತ ಹಾಕಿದರೆ, ಹಳೆಯ ಕ್ರಿಸ್‌ಮಸ್ ಹಾಡಿಗೆ ಅಜ್ಜಿಯಿಂದ ಮೊಮ್ಮಗಳವರೆಗೆ, ಅಡುಗೆಮನೆಯಿಂದ ಕಚೇರಿಯ ಪಾರ್ಟಿಯವರೆಗೆ, ಗೊತ್ತಿದ್ದೋ ಗೊತ್ತಿಲ್ಲದೆಯೋ ಎಲ್ಲರೂ ಮತ ಹಾಕುತ್ತಾರೆ. ಸಿದ್ಧಪಡಿಸಿಟ್ಟ ಪ್ಲೇಲಿಸ್ಟ್‌ಗಳು ಈ ಸುತ್ತನ್ನು ಇನ್ನಷ್ಟು ಬಿಗಿಗೊಳಿಸಿವೆ: ಪಟ್ಟಿಯಲ್ಲಿರುವ ಹಾಡನ್ನು ಜನ ಕೇಳುತ್ತಾರೆ, ಜನ ಕೇಳಿದ ಹಾಡು ಪಟ್ಟಿಯಲ್ಲಿ ಉಳಿಯುತ್ತದೆ.

ಸೋಲುವ ಆಟ

‘ಈ ವರ್ಷವೂ ಔಟ್’ ಎಂದು ಬರೆದ ಮೊದಲ ಗೆಳೆಯ ಆಡುತ್ತಿದ್ದ ಆಟದ ಹೆಸರು ವ್ಯಾಮಗೆಡನ್. ಇದನ್ನು ಡೆನ್ಮಾರ್ಕಿನ ಕೆಲವು ಸ್ನೇಹಿತರು ತಮ್ಮೊಳಗಿನ ಹಾಸ್ಯಕ್ಕೆಂದು ಆರಂಭಿಸಿದರು. ಡಿಸೆಂಬರ್ 1ರಿಂದ 24ರ ದಿನ ಮುಗಿಯುವವರೆಗೆ ‘ಲಾಸ್ಟ್ ಕ್ರಿಸ್‌ಮಸ್’ ಹಾಡಿನ ಮೂಲ ರೂಪ ಕಿವಿಗೆ ಬೀಳದಂತೆ ನೋಡಿಕೊಳ್ಳಬೇಕು. ಬೇರೆಯವರು ಹಾಡಿದ ರೂಪಗಳು, ರೀಮಿಕ್ಸ್‌ಗಳು ಕಿವಿಗೆ ಬಿದ್ದರೆ ತಪ್ಪಿಲ್ಲ. ಮೂಲ ಹಾಡನ್ನು ಗುರುತಿಸಿದ ಕ್ಷಣವೇ ಆಟಗಾರ ಔಟ್. ಆತ ಅದನ್ನು ಜಾಲತಾಣದಲ್ಲಿ ಪ್ರಾಮಾಣಿಕವಾಗಿ ಸಾರಬೇಕು. ತೀರ್ಪುಗಾರರೂ ಇಲ್ಲ, ಬಹುಮಾನವೂ ಇಲ್ಲ. 2023ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ನಾರ್ಥ್ಯಾಂಪ್ಟನ್‌ನ ಫುಟ್ಬಾಲ್ ಕ್ರೀಡಾಂಗಣದಲ್ಲಿ ಡಿಜೆಯೊಬ್ಬರು ಈ ಹಾಡನ್ನು ಹಾಕಿ, ಏಳು ಸಾವಿರಕ್ಕೂ ಹೆಚ್ಚು ಪ್ರೇಕ್ಷಕರನ್ನು ಒಂದೇ ಏಟಿಗೆ ಆಟದಿಂದ ಹೊರದಬ್ಬಿ, ಬಳಿಕ ಕ್ಷಮೆ ಕೇಳಬೇಕಾಗಿ ಬಂದದ್ದು ದೊಡ್ಡ ಸುದ್ದಿಯಾಯಿತು.

ಈ ಆಟದಲ್ಲಿ ಸೋಲು ಬಲು ಬೇಗ ಬರುವುದಕ್ಕೆ ಸಂಗೀತದ ಕಾರಣವೊಂದಿದೆ. ಕ್ರಿಸ್‌ಮಸ್ ಹಾಡುಗಳು ಮೊದಲ ಕೆಲವು ಕ್ಷಣಗಳಲ್ಲೇ ತಮ್ಮ ಗುರುತು ಹೇಳಿಬಿಡುತ್ತವೆ. ಅದಕ್ಕೆ ಹೆಚ್ಚಾಗಿ ಬಳಸುವ ಸಾಧನ ಸ್ಲೇ ಬೆಲ್ಸ್. ಹಿಮದ ಮೇಲೆ ಜಾರುವ ಕುದುರೆಬಂಡಿ ಸದ್ದು ಮಾಡುವುದಿಲ್ಲವಾದ್ದರಿಂದ, ಎದುರಿನವರನ್ನು ಎಚ್ಚರಿಸಲು ಕುದುರೆಗಳಿಗೆ ಕಟ್ಟುತ್ತಿದ್ದ ಗೆಜ್ಜೆಗಳಿವು. 1857ರಲ್ಲಿ ಪ್ರಕಟವಾದ ‘ಜಿಂಗಲ್ ಬೆಲ್ಸ್’ ವರ್ಣಿಸುವುದು ಇವುಗಳನ್ನೇ. ಅಂದಹಾಗೆ ಆ ಹಾಡಿನ ಸಾಹಿತ್ಯದಲ್ಲಿ ಕ್ರಿಸ್‌ಮಸ್ಸಿನ ಉಲ್ಲೇಖವೇ ಇಲ್ಲ. ಯಾವ ರಾಕ್ ಹಾಡಿಗಾದರೂ ಈ ಗೆಜ್ಜೆಯ ಸದ್ದನ್ನು ಸೇರಿಸಿದರೆ ಅದು ಹಬ್ಬದ ಹಾಡಿನಂತೆ ಕೇಳಿಸತೊಡಗುತ್ತದೆ. ಒಂದು ಸಾಲು ಸಾಕಾದ ಉದಾಹರಣೆಯೂ ಉಂಟು: 1980ರ ಜೋನಾ ಲೂಯಿ ಅವರ ‘ಸ್ಟಾಪ್ ದ ಕ್ಯಾವಲ್ರಿ’ ಯುದ್ಧವಿರೋಧಿ ಗೀತೆಯಾಗಿದ್ದರೂ, ಕ್ರಿಸ್‌ಮಸ್‌ಗೆ ಮನೆಯಲ್ಲಿರಬೇಕಿತ್ತು ಎಂದು ಸೈನಿಕ ಹಂಬಲಿಸುವ ಸಾಲು ಅದನ್ನು ಶಾಶ್ವತವಾಗಿ ಡಿಸೆಂಬರ್‌ಗೆ ಕಟ್ಟಿಹಾಕಿತು. ಇಂಥ ಹಾಡುಗಳು ಕ್ರಿಸ್‌ಮಸ್ ಹಾಡುಗಳು ಹೌದೋ ಅಲ್ಲವೋ ಎಂಬುದು ಗೆಳೆಯರ ವಾದಗಳಲ್ಲಿ ಅತಿ ಹೆಚ್ಚು ಹೊತ್ತು ತಿನ್ನುವ ಪ್ರಶ್ನೆ.

ಕೇಳಿದ್ದನ್ನೇ ಕೇಳಿದಾಗ ಮನಸ್ಸಿನಲ್ಲಿ ಆಗುವುದೇನು?

ಪರಿಚಿತವಾದದ್ದು ಪ್ರಿಯವಾಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯಾನ್ಸ್ 1968ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದರು. ಅರ್ಥವೇ ಗೊತ್ತಿಲ್ಲದ ಚಿಹ್ನೆಗಳನ್ನು ಪದೇ ಪದೇ ನೋಡಿದವರು ಅವನ್ನು ಮೆಚ್ಚತೊಡಗುತ್ತಾರೆ. ಆದರೆ ಈ ಮೆಚ್ಚುಗೆ ಏರುತ್ತಲೇ ಹೋಗುವುದಿಲ್ಲ. ಒಂದು ಹಂತದ ನಂತರ ಪುನರಾವರ್ತನೆ ಬೇಸರ ತರುತ್ತದೆ ಎಂಬುದನ್ನು ಡೇನಿಯಲ್ ಬರ್ಲೈನ್ ಮುಂತಾದವರು ವಿವರಿಸಿದ್ದಾರೆ. ವರ್ಷದಲ್ಲಿ ಹನ್ನೊಂದು ತಿಂಗಳ ವಿರಾಮ ಸಿಗುವುದರಿಂದ ಕ್ರಿಸ್‌ಮಸ್ ಹಾಡು ಡಿಸೆಂಬರ್ ಆರಂಭದಲ್ಲಿ ಹಿತವೆನಿಸಿ, ತಿಂಗಳ ನಡುವಿಗೆ ಸಹನೆ ಕೆಡಿಸುತ್ತದೆ. ಅಮೆರಿಕದ ಕೆಲವು ರೇಡಿಯೊ ಕೇಂದ್ರಗಳು ನವೆಂಬರ್‌ನಿಂದಲೇ ಇಪ್ಪತ್ತನಾಲ್ಕು ಗಂಟೆಯೂ ಕ್ರಿಸ್‌ಮಸ್ ಹಾಡುಗಳನ್ನು ಹಾಕುವುದರಿಂದ ಅಲ್ಲಿನವರ ಸಹನೆ ಇನ್ನೂ ಬೇಗ ತೀರುತ್ತದೆ.

ಹಾಗಾದರೆ ಅದೇ ರಾಕ್ ಹಾಡನ್ನು ನಾನ್ನೂರು ಸಲ ಕೇಳಿಯೂ ಬೇಸರಿಸದ ಗೆಳೆಯ, ‘ಲಾಸ್ಟ್ ಕ್ರಿಸ್‌ಮಸ್’ ಮೂರನೆಯ ಸಲ ಬಂದರೆ ಕಿವಿ ಮುಚ್ಚಿಕೊಳ್ಳುವುದೇಕೆ? ಮೊದಲನೆಯದು ಅವನ ಆಯ್ಕೆ, ಎರಡನೆಯದು ಅಂಗಡಿಯವರ ಆಯ್ಕೆ. ತಾನು ಹಾಕಿದ ಹಾಡನ್ನು ತಾನೇ ನಿಲ್ಲಿಸಬಹುದು; ಸೂಪರ್ ಮಾರ್ಕೆಟ್ಟಿನ ಹಾಡನ್ನು ನಿಲ್ಲಿಸಲಾಗದು. ಇದರಲ್ಲಿ ನಿಜವಾದ ಸಂಕಟ ಪಡುವವರು ಗಿರಾಕಿಗಳಲ್ಲ, ದಿನಕ್ಕೆ ಎಂಟು ಗಂಟೆ ಅದರಡಿ ನಿಲ್ಲಬೇಕಾದ ಅಂಗಡಿಯ ಸಿಬ್ಬಂದಿ. ಇದರ ಜೊತೆಗೆ ವಯಸ್ಸಿನ ಅಂಶವೂ ಸೇರುತ್ತದೆ: ಹತ್ತರಿಂದ ಮೂವತ್ತರ ನಡುವಿನ ಅನುಭವಗಳೇ ಮುಂದೆ ಅತಿ ಹೆಚ್ಚು ನೆನಪಾಗುತ್ತವೆ ಎಂಬುದು ನೆನಪಿನ ಕುರಿತ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ಸಂಗತಿ. ಆದ್ದರಿಂದ ಅತ್ಯುತ್ತಮ ಕ್ರಿಸ್‌ಮಸ್ ಹಾಡು ಯಾವುದೆಂಬ ವಾದದಲ್ಲಿ ಅರವತ್ತು ದಾಟಿದವರು ಸ್ಲೇಡ್ ಪರವಾಗಿಯೂ ನಲವತ್ತರವರು ಮರಾಯಾ ಕೇರಿ ಪರವಾಗಿಯೂ ನಿಂತರೆ ಅಚ್ಚರಿಪಡಬೇಕಿಲ್ಲ.

ಬೆಂಗಳೂರಿಗೆ ಇದರ ನಂಟು

ಬೆಂಗಳೂರು ಭಾರತದಲ್ಲಿ ಕ್ಲಾಸಿಕ್ ರಾಕ್‌ನ ದೊಡ್ಡ ನೆಲೆಗಳಲ್ಲೊಂದು. ಅರಮನೆ ಮೈದಾನಕ್ಕೆ 2001ರಲ್ಲಿ ಡೀಪ್ ಪರ್ಪಲ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದವು; ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ 2002ರಲ್ಲಿ ನಗರಕ್ಕೆ ಬಂದು ಹಾಡಿದರು. ಆದರೆ ಇಲ್ಲಿನ ಅಭಿಮಾನಿಗಳಿಗೆ ಈ ಸಂಗೀತ ತಲುಪಿದ್ದು ಕೈಯಿಂದ ಕೈಗೆ ಹೋಗುತ್ತಿದ್ದ ಕ್ಯಾಸೆಟ್‌ಗಳು, ಕಾಲೇಜು ಉತ್ಸವಗಳು ಮತ್ತು ಪಬ್‌ಗಳ ಮೂಲಕ. ಕ್ರಿಸ್‌ಮಸ್ ಸಂಗೀತವಾದರೋ ಮಂಗಳೂರಿನ, ಬೆಂಗಳೂರಿನ ಚರ್ಚುಗಳಿಂದ, ಮಿಷನ್ ಶಾಲೆಗಳಿಂದ, ಕೊಂಕಣಿ, ತಮಿಳು, ಕನ್ನಡ, ಇಂಗ್ಲಿಷ್ ಕ್ಯಾರೋಲ್‌ಗಳ ರೂಪದಲ್ಲಿ ಬಂದಿತು. ಎರಡೂ ಒಂದೇ ರೇಡಿಯೊದಲ್ಲಿ ಜಾಗಕ್ಕಾಗಿ ಪೈಪೋಟಿ ನಡೆಸಲಿಲ್ಲವಾದ್ದರಿಂದ ಇಲ್ಲಿನ ಹಿರಿಯ ಅಭಿಮಾನಿಗಳಲ್ಲಿ ಆ ಹಗೆತನ ಬೆಳೆಯಲಿಲ್ಲ. ಈಗ ಮಾಲ್‌ಗಳೂ ಪ್ಲೇಲಿಸ್ಟ್‌ಗಳೂ ಪರದೇಶದ ಗೆಳೆಯರ ಸಂದೇಶಗಳೂ ಆ ಜಗಳವನ್ನು ಇಲ್ಲಿಗೂ ತಂದಿವೆ.

ಎರಡೂ ಕಡೆಯವರು ಒಪ್ಪುವ ಹಾಡುಗಳು

ವಾದ ಎಷ್ಟೇ ಜೋರಾದರೂ ಕ್ಲಾಸಿಕ್ ರಾಕ್ ಪಟ್ಟಿಯಲ್ಲಿಯೂ ಹಬ್ಬದ ಪಟ್ಟಿಯಲ್ಲಿಯೂ ಸಲ್ಲುವ ಕೆಲವು ಹಾಡುಗಳಿವೆ. ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1975ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಬಳಿಯ ಕಾಲೇಜೊಂದರ ಕಛೇರಿಯಲ್ಲಿ, ನಡುನಡುವೆ ನಗುತ್ತ, ತಂಡದವರನ್ನು ಛೇಡಿಸುತ್ತ ಹಾಡಿದ ಸಾಂತಾಕ್ಲಾಸ್ ಹಾಡು ಅವುಗಳಲ್ಲೊಂದು. ಚಾರ್ಲ್ಸ್ ಬ್ರೌನ್ ಅವರ ಬ್ಲೂಸ್ ಗೀತೆಯನ್ನು ಈಗಲ್ಸ್ ತಂಡ 1978ರಲ್ಲಿ ಹಾಡಿದ ರೂಪ ಇನ್ನೊಂದು. ಲೆನನ್ ಅವರ ಹಾಡು ಮೂರನೆಯದು. ಇವುಗಳ ಬಗ್ಗೆ ಹೆಚ್ಚು ತಕರಾರಿಲ್ಲ.

ತಕರಾರು ಇನ್ನೂ ಬಿಸಿಯಾಗಿರುವುದು ಬಾಬ್ ಡಿಲನ್ 2009ರಲ್ಲಿ ಹೊರತಂದ ಕ್ರಿಸ್‌ಮಸ್ ಆಲ್ಬಂ ಕುರಿತು. ಗೊಗ್ಗರು ಕಂಠದಲ್ಲಿ, ಇಂಪಾದ ಹಿನ್ನೆಲೆ ಗಾಯನದೊಂದಿಗೆ ಅವರು ಹಾಡಿದ ಸಾಂಪ್ರದಾಯಿಕ ಗೀತೆಗಳು ವಿಡಂಬನೆಯೋ ನಿಜವಾದ ಭಕ್ತಿಯೋ ಎಂದು ಅವರ ಪರಮ ಅಭಿಮಾನಿಗಳೇ ಎರಡು ಪಕ್ಷವಾಗಿದ್ದಾರೆ. ಆಲ್ಬಂನಿಂದ ತಮಗೆ ಬರುವ ಗೌರವಧನವನ್ನೆಲ್ಲ ಡಿಲನ್ ಹಸಿದವರಿಗೆ ಆಹಾರ ಒದಗಿಸುವ ಸಂಸ್ಥೆಗಳಿಗೆ ಶಾಶ್ವತವಾಗಿ ಬಿಟ್ಟುಕೊಟ್ಟಿದ್ದಾರೆ. ಭಕ್ತಿಯ ಪಕ್ಷದವರು ಇದನ್ನೇ ಸಾಕ್ಷಿಯಾಗಿ ಮುಂದಿಟ್ಟರೆ, ವಿಡಂಬನೆಯ ಪಕ್ಷದವರು ಆ ಕಂಠವನ್ನು ಇನ್ನೊಮ್ಮೆ ಕೇಳಿ ನೋಡಿ ಎನ್ನುತ್ತಾರೆ.